ಇಳಿಯುವ ವಿದ್ಯೆ



ನಮ್ಮ ಸೀಮೆಯ ಜನರಿಗೆ ಗುಡ್ಡವೆಂದರೆ ಹತ್ತುವುದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಹೋದವರು 'ಅಮ್ಮನ ಗುಡ್ಡ ಹತ್ತಿ ಬಂದೆವು' ಎನ್ನುತ್ತಾರೆಯೇ ಹೊರತು ಇಳಿದು ಬಂದೆವೆಂದು ಹೇಳಿದವರನ್ನು ನಾನು ಕಂಡಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ, ಜರಿಮಲೆಗಳ ಕೋಟೆ ನೋಡಲು ಹೋದವರೂ ಹತ್ತಿದ ಕಷ್ಟವನ್ನೇ ವರ್ಣಿಸುತ್ತಾರೆ. ಇಳಿತವು ಲೆಕ್ಕಕ್ಕೆ ಸೇರದ್ದು. ಧರ್ಮದ ಮಾತಿನಲ್ಲಿಯೂ ಹಾಗೆಯೇ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ಸ್ಥಲಗಳನ್ನು ಮಕ್ಕಳಿಗೆ ತಿಳಿಸುವಾಗ ನಾವೆಲ್ಲರೂ ಮೆಟ್ಟಿಲುಗಳೆಂದೇ ಹೇಳಿಕೊಡುತ್ತೇವೆ. ಕೈಯನ್ನು ಮೇಲಕ್ಕೆತ್ತಿ ತೋರಿಸುತ್ತೇವೆ. ಹೀಗಿರುವಾಗ, ಸವಾರನನ್ನು ಬೆಟ್ಟದ ತುತ್ತತುದಿಯಲ್ಲಿ ನಿಲ್ಲಿಸಿ 'ಇನ್ನು ಇಳಿ' ಎಂದಷ್ಟೇ ಹೇಳುವ ಆಟವೊಂದು ಕಳೆದ ಬೇಸಿಗೆಯಲ್ಲಿ ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತಾಗ, ಇದರಲ್ಲಿ ಆಡುವುದಕ್ಕೇನಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಆಟದ ಹೆಸರು 'ಲೋನ್ಲಿ ಮೌಂಟನ್ಸ್: ಡೌನ್‌ಹಿಲ್'. ಏಕಾಂತದ ಬೆಟ್ಟಗಳು ಎಂದು ಕನ್ನಡಿಸಿಕೊಳ್ಳಬಹುದು. ಜರ್ಮನಿಯ ಬರ್ಲಿನ್ ನಗರದ ಮೆಗಾಗಾನ್ ಇಂಡಸ್ಟ್ರೀಸ್ ಎಂಬ ಚಿಕ್ಕ ತಂಡವು ಇದನ್ನು ರಚಿಸಿ 2019ರ ಅಕ್ಟೋಬರ್ ತಿಂಗಳಿನಲ್ಲಿ ಹೊರತಂದಿತು. ಬೆಂಗಳೂರಿನಲ್ಲಿ ಒಂಬತ್ತನೆಯ ತರಗತಿ ಮುಗಿಸಿ ರಜೆಗೆಂದು ಬಂದ ಮೊಮ್ಮಗ ತನ್ನ ತಂದೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಹೊತ್ತು ತಂದಿದ್ದ. ಕಂಪ್ಯೂಟರ್ ಆಟವೆಂದರೆ ಗುಂಡಿನ ಸದ್ದು, ಚೀರಾಟ ಎಂದು ತಿಳಿದಿದ್ದ ನನ್ನ ಕಿವಿಗೆ ಬಿದ್ದದ್ದು ಹಕ್ಕಿಯ ದನಿ, ತೊರೆಯ ಸದ್ದು, ಗರಸಿನ ಮೇಲೆ ಗಾಲಿ ಉರುಳುವ ಸಪ್ಪಳ. ಇಳಿಯುವಾಗ ಸಂಗೀತವಿಲ್ಲ, ಮಾತಿಲ್ಲ. ನಮ್ಮ ಮನೆಯವರು ಹಿತ್ತಲಿಗೆ ಯಾವುದೋ ಹೊಸ ಹಕ್ಕಿ ಬಂದಿದೆಯೆಂದು ಎದ್ದು ಹೋಗಿ ನೋಡಿ ಬಂದರು.

ಆಟದ ಕ್ರಮವು ಬಹು ಸರಳವಾದದ್ದು. ಒಬ್ಬ ಸವಾರ, ಒಂದು ಸೈಕಲ್ಲು, ಒಂದು ಕಾಲುಹಾದಿ. ಹಾದಿಯಲ್ಲಿ ಬಂಡೆ, ಮರ, ಕಮರಿ, ನೀರು. ನಡುನಡುವೆ ಚೆಕ್‌ಪಾಯಿಂಟ್ ಎಂಬ ಗುರುತುಗಳುಂಟು. ಬಿದ್ದರೆ ಹಿಂದಿನ ಗುರುತಿನಿಂದ ಪುನಃ ಹೊರಡಬೇಕು. ಮೊದಲ ಇಳಿತಕ್ಕೆ ಕಾಲದ ನಿರ್ಬಂಧವಿಲ್ಲ. ಎಷ್ಟು ಸಲ ಬಿದ್ದರೂ, ಎಷ್ಟು ಹೊತ್ತಾದರೂ ಕೇಳುವವರಿಲ್ಲ. ಹಾದಿಯನ್ನು ಅರಿತುಕೊಂಡರೆ ಸಾಕು. ಅದಾದ ಮೇಲೆ ಪರೀಕ್ಷೆ ಪ್ರಾರಂಭ: ಇಷ್ಟು ನಿಮಿಷದೊಳಗೆ ಇಳಿಯಬೇಕು, ಇಷ್ಟಕ್ಕಿಂತ ಹೆಚ್ಚು ಸಲ ಬೀಳಬಾರದು. ಪಾಸಾದವನಿಗೆ ಹೊಸ ಹಾದಿ ತೆರೆಯುತ್ತದೆ, ಹೊಸ ಸೈಕಲ್ಲಿನ ಬಿಡಿಭಾಗ ದೊರೆಯುತ್ತದೆ. ಸುತ್ತು ಹಾದಿಯನ್ನು ಬಿಟ್ಟು ಬಂಡೆಗಳ ನಡುವಿನ ಒಳದಾರಿಯಲ್ಲಿ ನುಗ್ಗಿದರೆ ಕೆಲವು ಕ್ಷಣ ಉಳಿಯುತ್ತದೆ. ನುಗ್ಗಿದವನು ಸಾಮಾನ್ಯವಾಗಿ ಬೀಳುತ್ತಾನೆ.

ಎರಡು ದಿನ ಪಕ್ಕದಲ್ಲಿ ಕುಳಿತು ನೋಡಿದೆ. ಮೂರನೆಯ ದಿನ ಮೊಮ್ಮಗನು, "ಅಜ್ಜ, ನೀವೂ ಒಂದ್ಸಲ ಇಳೀರಿ" ಎಂದು ಗುಂಡಿಗಳುಳ್ಳ ಆ ಉಪಕರಣವನ್ನು ನನ್ನ ಕೈಗಿತ್ತ. ಮೊದಲನೆಯ ಗುರುತನ್ನು ತಲುಪುವಷ್ಟರಲ್ಲಿ ನಾನು 41 ಸಲ ಬಿದ್ದೆ. ಲೆಕ್ಕ ಇಟ್ಟವನು ಅವನೇ. ನಗಲಿಲ್ಲ. "ಬ್ರೇಕು ತಿರುವಿನೊಳಗಲ್ಲ ಅಜ್ಜ, ತಿರುವಿಗೆ ಮೊದಲೇ ಹಿಡೀಬೇಕು" ಎಂದಷ್ಟೇ ಹೇಳಿದ. ನಲವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಆ ಮಾತಿನ ರೀತಿ ಮನಸ್ಸಿಗೆ ತಾಕಿತು. ನಾನು ಎಷ್ಟು ಮಕ್ಕಳಿಗೆ ನಾಲ್ಕನೆಯ ತಪ್ಪಿನ ತರುವಾಯವೂ ಅದೇ ಸಮಾಧಾನದಿಂದ ಹೇಳಿಕೊಟ್ಟೆನೋ ತಿಳಿಯದು.

ಇದರ ಆಕರ್ಷಣೆಯ ಗುಟ್ಟೂ ಇಲ್ಲಿಯೇ ಇದೆಯೆಂದು ನನ್ನ ಎಣಿಕೆ. ಸೋತವನಿಗೆ ಛೀಮಾರಿಯಿಲ್ಲ. ಬಿದ್ದ ಮರುಕ್ಷಣವೇ ಎದ್ದು ನಿಂತಿರುತ್ತಾನೆ. ಎದುರಿಗೆ ಅದೇ ಹಾದಿ, ಅದೇ ಬಂಡೆ. ತಪ್ಪು ತನ್ನದೇ ಎಂಬುದು ಸ್ಪಷ್ಟ, ತಿದ್ದಿಕೊಳ್ಳುವ ದಾರಿಯೂ ಸ್ಪಷ್ಟ. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಪ್ರಕಟಿಸಿದ 'ಫ್ಲೋ' ಎಂಬ ಗ್ರಂಥದಲ್ಲಿ ಈ ಸ್ಥಿತಿಯನ್ನು ವಿವರಿಸಿದ್ದಾರೆ. ಕೆಲಸದ ಕಷ್ಟವೂ ಮಾಡುವವನ ಸಾಮರ್ಥ್ಯವೂ ಸರಿದೂಗಿದಾಗ ಮನುಷ್ಯನು ಹೊತ್ತು ಹೋದದ್ದನ್ನು ಮರೆಯುತ್ತಾನೆ, ತನ್ನನ್ನೂ ಮರೆಯುತ್ತಾನೆ. ಸುಲಭವಾದರೆ ಬೇಸರ, ಕಠಿಣವಾದರೆ ಕಳವಳ. ಇವೆರಡರ ನಡುವಿನ ಕಿರುದಾರಿ ಅದು. ನೇಯುವವನಿಗೂ ಕಮ್ಮಾರನಿಗೂ ಈ ಅನುಭವ ಹೊಸತಲ್ಲ. ನಮ್ಮ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನ ಇದಕ್ಕಿಂತ ಬಹಳ ದೊಡ್ಡದು, ಹೋಲಿಸಲು ಹೊರಟಿಲ್ಲ. ಆದರೂ ಎರಡು ತಾಸು ಕದಲದೆ ಕುಳಿತ ಹುಡುಗನ ಮುಖದಲ್ಲಿ ಕಂಡದ್ದು ಸೋಮಾರಿತನವಂತೂ ಅಲ್ಲ.

ಆಟದಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೊಂದು. ಬೆಟ್ಟದ ಅಲ್ಲಲ್ಲಿ ಯಾರ ಕಣ್ಣಿಗೂ ಬೇಗನೆ ಬೀಳದಂಥ ವಿಶ್ರಾಂತಿಯ ತಾಣಗಳನ್ನು ಅಡಗಿಸಿಟ್ಟಿದ್ದಾರೆ. ಹುಡುಕಿ ಅಲ್ಲಿಗೆ ಹೋದರೆ ಸವಾರನು ಸೈಕಲ್ಲಿನಿಂದಿಳಿದು ಸುಮ್ಮನೆ ಕುಳಿತುಕೊಳ್ಳುತ್ತಾನೆ, ಕಣಿವೆಯನ್ನು ನೋಡುತ್ತಾನೆ. ಅಷ್ಟೆ. ವೇಗದ ಆಟದೊಳಗೆ ಕುಳಿತುಕೊಳ್ಳುವುದಕ್ಕೂ ಜಾಗವಿಟ್ಟವರ ಬುದ್ಧಿಯನ್ನು ಮೆಚ್ಚಬೇಕು. 'ಡಿಸೆಂಡರ್ಸ್' ಎಂಬ ಇನ್ನೊಂದು ಆಟವೂ ಉಂಟು. ಡಚ್ಚರ ರೇಜ್‌ಸ್ಕ್ವಿಡ್ ತಂಡದ್ದು, ಇದೂ 2019ರಲ್ಲಿಯೇ ಪೂರ್ಣರೂಪದಲ್ಲಿ ಬಂದದ್ದು. ಅದರಲ್ಲಿ ಇಳಿಜಾರುಗಳನ್ನು ಕಂಪ್ಯೂಟರೇ ಪ್ರತಿಸಲ ಹೊಸದಾಗಿ ಹೊಸೆಯುತ್ತದೆ, ಬಾಯಿಪಾಠ ನಡೆಯದು. ಪ್ರತಿ ಬೀಳಿಗೂ ಆಯಸ್ಸು ಕಡಿಮೆಯಾಗುತ್ತ ಹೋಗಿ ಕೊನೆಗೆ ಪಯಣವನ್ನು ಮೊದಲಿನಿಂದ ಪ್ರಾರಂಭಿಸಬೇಕು. ಅದು ನನಗೆ ಒಗ್ಗಲಿಲ್ಲ. ಮೊಮ್ಮಗನಿಗೆ ಅದೇ ಹೆಚ್ಚು ಪ್ರೀತಿ.

ಈ ಆಟಗಳ ಹಿಂದಿರುವ ನಿಜವಾದ ಸವಾರಿಯ ಕಥೆಯೂ ಸ್ವಾರಸ್ಯವಾದದ್ದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಪ್ರಾಂತ್ಯದಲ್ಲಿ ಕೆಲವು ಯುವಕರು 1930, 40ರ ದಶಕಗಳ ಭಾರವಾದ ಹಳೆಯ ಸೈಕಲ್ಲುಗಳನ್ನು ಗುಜರಿಯಿಂದ ತಂದು, ಬೆಟ್ಟದ ಮಣ್ಣುಹಾದಿಯಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲನೆಯ ಸ್ಪರ್ಧೆ ನಡೆಯಿತು. ಸುಮಾರು 3 ಕಿಲೋಮೀಟರ್ ಹಾದಿ, 1300 ಅಡಿಯಷ್ಟು ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಆ ಸೈಕಲ್ಲುಗಳಲ್ಲಿತ್ತು. ಒಂದು ಇಳಿತ ಮುಗಿಯುವಷ್ಟರಲ್ಲಿ ಗುಂಬದೊಳಗಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿದ್ದುದರಿಂದ ಪುನಃ ತುಂಬಬೇಕಾಗುತ್ತಿತ್ತು. ಪುನಃ ತುಂಬುವುದು ಎಂಬ ಅರ್ಥದ 'ರೀಪ್ಯಾಕ್' ಎಂಬುದೇ ಆ ಹಾದಿಯ ಹೆಸರಾಯಿತು. ಬೆಟ್ಟದ ಸೈಕಲ್ಲಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಕೊಲರಾಡೊದ ಡುರಾಂಗೊ ಎಂಬಲ್ಲಿ ನಡೆದಾಗ ಇಳಿಜಾರಿನ ಓಟವೂ ಅದರಲ್ಲಿ ಸೇರಿತ್ತು. 1996ರಲ್ಲಿ ಬೆಟ್ಟದ ಸೈಕಲ್ಲು ಒಲಿಂಪಿಕ್ಸಿಗೆ ಪ್ರವೇಶ ಪಡೆಯಿತು. ಆದರೆ ಹತ್ತಿ ಇಳಿಯುವ ಓಟಕ್ಕಷ್ಟೇ ಆ ಮನ್ನಣೆ, ಬರಿಯ ಇಳಿತಕ್ಕೆ ಅಲ್ಲಿ ಇಂದಿಗೂ ಸ್ಥಾನವಿಲ್ಲ. ಇಳಿತವನ್ನು ಲೆಕ್ಕಕ್ಕೆ ಹಿಡಿಯದವರು ನಾವು ಮಾತ್ರವಲ್ಲ ಎಂದಾಯಿತು.

ಇಷ್ಟನ್ನೆಲ್ಲ ತಿಳಿದು ಸಂತೋಷಪಡುತ್ತಿದ್ದ ದಿನಗಳಲ್ಲಿಯೇ ಅನಾಹುತ ನಡೆಯಿತು.

ಕೊಟ್ಟೂರಿಗೂ ಕೂಡ್ಲಿಗಿಗೂ ನಡುವೆ ನಮ್ಮದೊಂದು ಹೊಲವುಂಟು. ಶೇಂಗಾ ಬಿತ್ತುವ ಕೆಂಪುಭೂಮಿ. ಬದುವಿನಾಚೆಗೆ ಹೆಸರಿಲ್ಲದ ಒಂದು ಕಲ್ಲುಗುಡ್ಡ. ದನಕಾಯುವ ಹುಡುಗರು ಮಾಡಿದ ಸವಕಲು ದಾರಿ ಅದರ ಮೇಲಿಂದ ಇಳಿದು ಬರುತ್ತದೆ. ಒಂದು ಮುಂಜಾನೆ ಮೊಮ್ಮಗನು ಆಳಿನ ಮಗನ ಸೈಕಲ್ಲು ಕೇಳಿ ಪಡೆದು, ಅದನ್ನು ಗುಡ್ಡದ ತಲೆಗೆ ನೂಕಿಕೊಂಡು ಹೋಗಿ, ಅಲ್ಲಿಂದ ಬಿಟ್ಟುಕೊಂಡ. ಬ್ರೇಕಿನ ರಬ್ಬರು ಸವೆದಿತ್ತು. ತಲೆಗೆ ಏನೂ ಇರಲಿಲ್ಲ. ಅರ್ಧ ಇಳಿದ ಮೇಲೆ ಎದುರಿಗೊಂದು ಕಲ್ಲು ಬಂದಿತು. ಸವೆದ ಬ್ರೇಕು ಹಿಡಿಯದಿದ್ದಾಗ ಗಾಬರಿಯಿಂದ ಎರಡನ್ನೂ ಬಲವಾಗಿ ಅದುಮಿದ್ದಾನೆ. ಮುಂದಿನ ಗಾಲಿ ಒಮ್ಮೆಗೇ ಕಚ್ಚಿಕೊಂಡು ಹುಡುಗನು ಹ್ಯಾಂಡಲ್ಲಿನ ಮೇಲಿಂದ ಹಾರಿ ಬಿದ್ದ. ಕೊರಳೆಲುಬು ಮುರಿಯಿತು. ತಲೆಯು ಬಂಡೆಗೆ ತಗಲದೆ ಅದರ ಪಕ್ಕದ ಜಾಲಿಯ ಮುಳ್ಳಿಗೆ ತಗಲಿತೆಂಬುದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಆರು ವಾರ ತೋಳನ್ನು ಜೋಲಿಯಲ್ಲಿ ಕಟ್ಟಿಕೊಂಡಿರಬೇಕೆಂದು ವೈದ್ಯರು ಹೇಳಿದರು.

ಆ ರಾತ್ರಿ ಮನೆಯಲ್ಲಿ ನ್ಯಾಯ ಕೂಡಿತು. ಮಗ ಬೆಂಗಳೂರಿನಿಂದ ಬಂದಿಳಿದಿದ್ದ. ಆಟವನ್ನು ಅಳಿಸಿಹಾಕಬೇಕೆಂಬುದು ಅವನ ತೀರ್ಮಾನ. ಸೊಸೆ ನನ್ನ ಕಡೆ ತಿರುಗಿ, "ನೀವೂ ಜೊತೆಗೆ ಕೂತು ಆಡಿದಿರಲ್ಲ ಮಾವ" ಎಂದಳು. ಉತ್ತರವಿರಲಿಲ್ಲ. ಆಕೆ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

ಈ ವಿಷಯವಾಗಿ ಅನೇಕ ಮನೆಗಳಲ್ಲಿ ಇಂಥದೇ ವಾದ ನಡೆಯುತ್ತಿರುವುದರಿಂದ ಎರಡು ಮಾತುಗಳನ್ನು ಇಲ್ಲಿ ಹೇಳುವುದು ಅಗತ್ಯ. ಆಟದ ಚಟವೆಂಬುದು ನಿಜವಾಗಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಆಟವನ್ನು ನಿಲ್ಲಿಸುವುದು ತನ್ನ ಹಿಡಿತದಲ್ಲಿಲ್ಲದಿರುವುದು, ಊಟ, ಓದು, ಬಂಧುಬಳಗಕ್ಕಿಂತ ಅದೇ ಮೇಲಾಗುವುದು, ಕೇಡು ಕಣ್ಣಿಗೆ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇವು ಕಂಡುಬಂದರೆ ಮಾತ್ರ ರೋಗವೆಂದು ಪರಿಗಣಿಸುತ್ತಾರೆ. ರಜೆಯಲ್ಲಿ ಎರಡು ತಾಸು ಆಡಿದ್ದು ಅದಲ್ಲ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳ ಮಾತೇ ಬೇರೆ; ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಮಗುವಿನ ಕೈಯಲ್ಲಿರುವುದು ಯಾವ ಆಟವೆಂದು ಕೇಳದೆ ಎಲ್ಲವನ್ನೂ 'ಮೊಬೈಲು' ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಬೈಯುವವರಿಗೆ, ಬೈಗುಳ ಯಾವುದಕ್ಕೆ ಎಂಬುದು ಮಗುವಿಗೆ ತಿಳಿಯದೆಂಬುದು ಗೊತ್ತಿರಲಿ.

ಹಾಗಾದರೆ ಹುಡುಗನು ಬಿದ್ದದ್ದಕ್ಕೆ ಆಟವು ಹೊಣೆಯೇ? ಹಲವು ರಾತ್ರಿ ಇದನ್ನೇ ಯೋಚಿಸಿದೆ. ಆಟವು ಅವನಿಗೆ ಸುಳ್ಳನ್ನು ಕಲಿಸಲಿಲ್ಲ. ತಿರುವಿಗೆ ಮೊದಲೇ ಬ್ರೇಕು ಹಿಡಿಯಬೇಕೆಂಬುದು ಗುಡ್ಡದಲ್ಲಿಯೂ ನಿಜ. ಹಾದಿಯನ್ನು ಮೊದಲು ನಿಧಾನವಾಗಿ ಅರಿಯಬೇಕೆಂಬುದೂ ನಿಜ. ಆದರೆ ಬೀಳುವುದರ ಬೆಲೆಯನ್ನು ಮಾತ್ರ ಅದು ಒಂದು ಕ್ಷಣವೆಂದು ಹೇಳಿಕೊಟ್ಟಿತು. ಪರದೆಯ ಮೇಲೆ ಸಾವಿರ ಸಲ ಬಿದ್ದವನಿಗೆ ಬೀಳುವುದರ ಅಳುಕು ಹೋಗಿರುತ್ತದೆ, ಎಲುಬಿಗೆ ಆ ಸಂಗತಿ ತಿಳಿದಿರುವುದಿಲ್ಲ. ನಾವು ಬಾಡಿಗೆ ಸೈಕಲ್ಲು ತಂದು, ದೊಡ್ಡ ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತವರು. ಮೊಣಕಾಲಿನ ಗಾಯ ಆರುವುದರೊಳಗೆ ಎಷ್ಟು ವೇಗಕ್ಕೆ ಎಷ್ಟು ನೋವೆಂಬ ಲೆಕ್ಕ ಮೈಗೆ ಬಂದಿರುತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಮ್ಮ ಹುಡುಗನಿಗೆ ಆ ಸಣ್ಣ ಗಾಯಗಳು ದಕ್ಕಿರಲೇ ಇಲ್ಲ. ಅವನ ಮೊದಲನೆಯ ಬೀಳೇ ದೊಡ್ಡ ಬೀಳಾಯಿತು.

ತಡೆಯುವ ವಿದ್ಯೆ ನಮ್ಮವರಿಗೆ ತಿಳಿಯದ್ದೇನೂ ಅಲ್ಲ. ಕೊಟ್ಟೂರೇಶ್ವರನ ತೇರನ್ನೆಳೆಯಲು ಸಾವಿರಾರು ಕೈಗಳು ಹಗ್ಗಕ್ಕೆ ಬೀಳುತ್ತವೆ. ಗಾಲಿಗೆ ಮರದ ತುಂಡು ಕೊಟ್ಟು ಅದನ್ನು ನಿಲ್ಲಿಸುವವರು, ತಿರುಗಿಸುವವರು ಬೆರಳೆಣಿಕೆಯ ಮಂದಿ. ಜಾತ್ರೆಯ ದಿನ ನಮ್ಮ ಕಣ್ಣೆಲ್ಲ ಕಳಸದ ಕಡೆಗಿರುತ್ತದೆ, ಅವರ ಕಣ್ಣು ಮಾತ್ರ ಗಾಲಿಯ ಮೇಲೆ. 2017ರ ಫೆಬ್ರುವರಿಯಲ್ಲಿ ತೇರು ಉರುಳಿಬಿದ್ದುದನ್ನು ಕಂಡವರಿಗೆ ಭಾರವಾದದ್ದೊಂದು ಹಿಡಿತ ತಪ್ಪಿದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿದ ಮೇಲೆ ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಅಷ್ಟು ಎತ್ತರದಿಂದ ಅವನು ಕೈಬಿಡುವುದು ಕೆಳಗೆ ಹಿಡಿಯುವವರು ನಿಂತಿದ್ದಾರೆಂದು. ನಮ್ಮ ಹುಡುಗನು ಗುಡ್ಡದಲ್ಲಿ ಕೈಬಿಟ್ಟಾಗ ಕೆಳಗೆ ನಾವು ಯಾರೂ ಇರಲಿಲ್ಲ. ಆಟವನ್ನು ಪಡಸಾಲೆಯಲ್ಲಿ ಕುಳಿತು ಮೆಚ್ಚಿದ ನಾನೂ ಇರಲಿಲ್ಲ.

ಮಗನಿಗೆ ನಾನು ಹೇಳಿದ್ದು ಇಷ್ಟೆ. ಇಳಿಜಾರಿನ ಆಸೆ ಹುಟ್ಟಿದ ಮೇಲೆ ಆಟವನ್ನು ಅಳಿಸಿದರೆ ಆಸೆ ಅಳಿಯದು, ಕದ್ದು ಹೋಗುವುದನ್ನು ಕಲಿಯುತ್ತಾನೆ. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿದರೆ ಮುಂಡರಗಿ, ಮುಂದೆ ಗದಗ. 2021ರ ಫೆಬ್ರುವರಿಯಲ್ಲಿ ಆ ಗದಗದಲ್ಲಿಯೇ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು. ದೇಶದ ನಾನಾ ಭಾಗಗಳ ಹುಡುಗ ಹುಡುಗಿಯರು ಬಂದು ಓಡಿಸಿದರು. ಗುಡ್ಡದಲ್ಲಿ ಸೈಕಲ್ಲು ಓಡಿಸುವುದು ನಮ್ಮ ಸೀಮೆಗೆ ಪರಕೀಯವಾದ ಹುಚ್ಚೇನೂ ಅಲ್ಲ. ಆದರೆ ಅಂಥ ಸವಾರರು ಹೇಗೆ ಇಳಿಯುತ್ತಾರೆಂಬುದನ್ನು ನೋಡಬೇಕು. ಇಳಿಜಾರಿನ ಸ್ಪರ್ಧೆಗೆ ಬಂದವರು ಮೊದಲ ದಿನ ಸೈಕಲ್ಲನ್ನು ಮುಟ್ಟುವುದಕ್ಕೂ ಮುಂಚೆ ಇಡೀ ಹಾದಿಯನ್ನು ಕಾಲ್ನಡಿಗೆಯಲ್ಲಿ ಇಳಿದು ನೋಡುತ್ತಾರೆ. ಕಲ್ಲನ್ನು ಪಾದದಿಂದ ಒತ್ತಿ ಸಡಿಲವೋ ಬಿಗಿಯೋ ಎಂದು ಪರೀಕ್ಷಿಸುತ್ತಾರೆ. ಮುಖವನ್ನೂ ಮುಚ್ಚುವ ಹೆಲ್ಮೆಟ್, ಮೊಣಕಾಲಿಗೆ ಕವಚ. ಮುಂದಿನ ಬ್ರೇಕನ್ನು ಒಂದೇ ಬೆರಳಿನಿಂದ, ಸ್ವಲ್ಪ ಸ್ವಲ್ಪವಾಗಿ ಹಿಡಿಯುತ್ತಾರೆ; ಕಡಿದಾದ ಕಡೆ ಮೈಭಾರವನ್ನು ಹಿಂದಕ್ಕೆ ಒಯ್ಯುತ್ತಾರೆ.

ಇದನ್ನು ಕೇಳಿದ ಮಗ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ತೋಳಿನ ಜೋಲಿ ಇನ್ನೂ ಇದ್ದಾಗಲೇ, ಒಂದು ನಸುಕಿನಲ್ಲಿ ನಾನೂ ಮೊಮ್ಮಗನೂ ಆ ಕಲ್ಲುಗುಡ್ಡವನ್ನು ಹತ್ತಿದೆವು. ಸೊಸೆಗೆ ಹೇಳಿಯೇ ಹೋದೆವು. ಬೆಳಕು ಹರಿದ ಮೇಲೆಯೇ ಹೆಜ್ಜೆ ಇಟ್ಟೆವು. ಕೂಡ್ಲಿಗಿ ಸೀಮೆಯಲ್ಲಿ ಕರಡಿಯ ಭಯವನ್ನು ಅಲಕ್ಷಿಸುವಂತಿಲ್ಲ, ಗುಡೇಕೋಟೆಯ ಕಾಡನ್ನು ಸರ್ಕಾರ ಕರಡಿಧಾಮವೆಂದು ಘೋಷಿಸಿರುವುದು ಸುಮ್ಮನೆ ಅಲ್ಲ. ಮೇಲಿನಿಂದ ನಡೆಯುತ್ತ ಇಳಿದೆವು. ನನ್ನ ವಯಸ್ಸಿಗೆ ಇಳಿಯುವುದೇ ಕಷ್ಟ, ಮಂಡಿ ಹೇಳುತ್ತದೆ. ಅವನು ಎರಡು ಹೆಜ್ಜೆ ಮುಂದೆ ಹೋಗಿ, ಸರಿಯಾಗಿರುವ ಕೈಯನ್ನು ನನ್ನತ್ತ ಚಾಚಿ ನಿಲ್ಲುತ್ತಿದ್ದ. ಇಲ್ಲಿ ನೀರು ಕೊರೆದಿದೆ, ಇಲ್ಲಿ ಗರಸು ಸಡಿಲ, ಇಲ್ಲಿ ಎಡಕ್ಕೆ ಬರಬೇಕಿತ್ತು ಎಂದು ಒಂದೊಂದನ್ನೂ ತೋರಿಸುತ್ತ ಬಂದ. ಕಲ್ಲಿನ ಬಳಿ ಬಂದಾಗ ನಿಂತ. ದೊಡ್ಡದೇನೂ ಅಲ್ಲ, ಒಂದು ಕೊಡದಷ್ಟು. ಎರಡೂ ಕಡೆ ಧಾರಾಳವಾಗಿ ಜಾಗವಿತ್ತು.

"ಇಷ್ಟು ಜಾಗ ಇದ್ದರೂ ಅದಕ್ಕೇ ಹೋಗಿ ಬಡಿದೆಯಲ್ಲೋ" ಎಂದೆ.

"ಅದನ್ನೇ ನೋಡ್ತಾ ಇದ್ದೆ ಅಜ್ಜ. ಬೇರೆ ಏನೂ ಕಾಣ್ಲಿಲ್ಲ."

ಹೆದರಿದವನು ಯಾವುದನ್ನು ನೋಡುತ್ತಾನೋ ಅದರತ್ತಲೇ ಸೈಕಲ್ಲು ಹೋಗುತ್ತದೆಂದು, ದಾರಿಯನ್ನು ನೋಡಬೇಕೇ ಹೊರತು ಕಲ್ಲನ್ನಲ್ಲವೆಂದು ಬೆಟ್ಟದ ಸವಾರಿ ಕಲಿಸುವವರು ಮೊದಲ ಪಾಠವಾಗಿ ಹೇಳುತ್ತಾರೆ. ಅದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೂಜೆಗೆ ಕೂತಾಗ ನೀವು ಬೈತಿರ್ತೀರಲ್ಲ, ಕಣ್ಣು ಅಂಗೈಯೊಳಗೆ ಇರ್ಲಿ ಅಂತ. ಅದೂ ಇದೇನಾ?" ಎಂದು ಕೇಳಿದ. ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ ಹುಡುಗನನ್ನು ಅದೆಷ್ಟು ಸಲ ಗದರಿಸಿದ್ದೆನೋ. ದೃಷ್ಟಿಯನ್ನು ಏಕೆ ನಿಲ್ಲಿಸಬೇಕೆಂದು ಮಾತ್ರ ಅವನಿಗೆ ಒಂದು ದಿನವೂ ವಿವರಿಸಿರಲಿಲ್ಲ. ಅದೇ ಕಲ್ಲಿನ ಮೇಲೆ ಇಬ್ಬರೂ ಕುಳಿತೆವು. ಬಿಸಿಲು ಏರುವವರೆಗೆ ಮಾತನಾಡಿದೆವು, ಬಹುಪಾಲು ಅವನೇ ಕೇಳಿದ.

ಜೋಲಿ ಈಗ ಬಿಚ್ಚಿದೆ. ದಾವಣಗೆರೆಯಿಂದ ಹೆಲ್ಮೆಟ್ ತರಿಸಿದ್ದಾಗಿದೆ. ಆಳಿನ ಮಗನ ಸೈಕಲ್ಲಿಗೆ ನಾಲ್ಕೂ ಬ್ರೇಕಿನ ರಬ್ಬರು ಹೊಸದಾಗಿ ಹಾಕಿಸಿಕೊಟ್ಟೆವು, ಅದು ನಮ್ಮ ಮೇಲಿದ್ದ ಋಣ. ಆಟವು ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಇದೆ. ಮೊದಲನೆಯ ಬೆಟ್ಟದ ಮೊದಲನೆಯ ಹಾದಿಯನ್ನು ನಾನು ಒಮ್ಮೆ ಪೂರ್ತಿಯಾಗಿ ಇಳಿದಿದ್ದೇನೆ, ಕಾಲದ ಪರೀಕ್ಷೆಯಲ್ಲಿ ಇನ್ನೂ ತೇರ್ಗಡೆಯಾಗಿಲ್ಲ. ಮೊಮ್ಮಗನಿಗೆಂದು ದಸರೆಯ ರಜೆಗೆ ಕೊಂಡಿಟ್ಟ ಸೈಕಲ್ಲು ಅಟ್ಟದ ಕೆಳಗೆ ನಿಂತಿದೆ. ಅದರ ಬೀಗದ ಕೈ ಸೊಸೆಯ ಬಳಿ ಇದೆ. ಗುಡ್ಡದ ಹಾದಿಯನ್ನು ತಾನೂ ಒಮ್ಮೆ ನಡೆದು ನೋಡಿದ ಮೇಲೆಯೇ ಕೊಡುವುದೆಂದು ಹೇಳಿದ್ದಾಳೆ.